ಹಳೆಯ ಸೈಕಲ್ಲಿಗೊಂದು ಬಿ.ಬಿ.

ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಬಹುಮಂದಿ ಒಂದಲ್ಲ ಒಂದು ಕಾಲದಲ್ಲಿ ಸೈಕಲ್ ತುಳಿದವರೇ. ಆದರೆ ಎರಡು ಪೆಡಲುಗಳ ನಡುವೆ, ಚೌಕಟ್ಟಿನ ಕೆಳತುದಿಯ ಗಿಡ್ಡ ಕೊಳವೆಯೊಳಗೆ ಅಡಗಿ ಕುಳಿತ ಭಾಗವನ್ನು ಕಣ್ಣಾರೆ ಕಂಡವರು ವಿರಳ. ಅಂಗಡಿಯವರು ಅದನ್ನು ಬಿ.ಬಿ. ಎನ್ನುತ್ತಾರೆ. ಒಂದು ಆಕ್ಸಲ್, ಅದರ ಎರಡು ಕಡೆಗೂ ಉಕ್ಕಿನ ಗುಂಡುಗಳು, ಒಂದಿಷ್ಟು ಗ್ರೀಸು. ಅದರ ಸಂಸಾರ ಇಷ್ಟೇ. ನಾವು ತುಳಿಯುವ ಭಾರವನ್ನೆಲ್ಲ ಹೊರುವುದು ಈ ಪುಟ್ಟ ಸಂಸಾರವೇ.

ನನ್ನ ತಮ್ಮ 1993ರಲ್ಲಿ ಕ್ಯಾಲಿಫೋರ್ನಿಯದಿಂದ ಮೈಸೂರಿಗೆ ಹಿಂದಿರುಗುವಾಗ ಒಂದು ಮೌಂಟನ್ ಬೈಕ್ ತಂದಿದ್ದ. ಆ ಜಾತಿಯ ಸೈಕಲ್ ಹೆಸರು ಪಡೆದದ್ದೇ ಆ ಸೀಮೆಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಮರಿನ್ ಪ್ರಾಂತದ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟುತ್ತಿದ್ದರು. ಕೆಳಗೆ ಬರುವ ಹೊತ್ತಿಗೆ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು. ಆ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಂದದ್ದು ಹಾಗೆ. 1977ರಲ್ಲಿ ಜೋ ಬ್ರೀಜ್ ಎಂಬಾತ ಅಂಥ ಓಟಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದ.

ತಮ್ಮ ಈಗಿಲ್ಲ. ಸೈಕಲ್ ಬಹುಕಾಲ ಗೋಡೆಗೊರಗಿ ನಿಂತಿತ್ತು. "ದೊಡ್ಡಪ್ಪ, ಅಪ್ಪನ ಸೈಕಲ್ ನಾನು ಓಡಿಸ್ತೀನಿ, ರಿಪೇರಿ ಮಾಡಿಸಿಕೊಡಿ" ಎಂದು ಅವನ ಮಗಳು ಕೇಳಿದಳು. ಪೆಡಲಿನ ಕ್ರ್ಯಾಂಕನ್ನು ಹಿಡಿದು ಅಲುಗಿಸಿದರೆ ಸಡಿಲವಾದ ಹಲ್ಲಿನಂತೆ ಆಡುತ್ತಿತ್ತು. ಅಂಗಡಿಯಾತ ನೋಡಿ, "ಇದರ ಬಿ.ಬಿ. ಎಲ್ಲೂ ಸಿಗಲ್ಲ ಸಾರ್, ಗುಜರಿಗೆ ಹಾಕಿಬಿಡಿ" ಎಂದ. ಆ ಮಾತಿಗೆ ಒಪ್ಪಲು ಮನಸ್ಸು ಬರಲಿಲ್ಲ. ನಾನೇ ಸ್ಪ್ಯಾನರ್ ಹಿಡಿದೆ.

ನಮ್ಮ ಹಳೆಯ ಸೈಕಲ್ಲುಗಳಲ್ಲಾದರೆ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಕ್ರ್ಯಾಂಕ್ ಕಳಚುತ್ತಾರೆ. ಇದಕ್ಕೆ ಸುತ್ತಿಗೆ ಸಲ್ಲದು. ಕ್ರ್ಯಾಂಕನ್ನು ಎಳೆದು ತೆಗೆಯುವ ಬೇರೆಯೇ ಉಪಕರಣವಿದೆ. ಅದು ಕಳಚಿತು. ಬಲಗಡೆಯ ತಿರುಪು ಮಾತ್ರ ಕದಲಲೊಲ್ಲದು. ಒಂದು ಸಂಜೆಯೆಲ್ಲ ಬೆವರು ಸುರಿಸಿದ ಮೇಲೆ, ಬಿಚ್ಚುತ್ತಿದ್ದೇನೆಂದು ನಂಬಿ ಬಿಗಿಮಾಡುತ್ತಿದ್ದೆನೆಂಬುದು ಹೊಳೆಯಿತು! ಬಲಗಡೆಗೆ ಉಲ್ಟಾ ಥ್ರೆಡ್ಡು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಕಾರಣ ಸ್ವಾರಸ್ಯವಾಗಿದೆ. ಪೆನ್ಸಿಲೊಂದನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಅದರ ತುದಿಯನ್ನು ವೃತ್ತಾಕಾರವಾಗಿ ಆಡಿಸಿ ನೋಡಿ: ಪೆನ್ಸಿಲು ತನ್ನಲ್ಲಿ ತಾನು ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಹಾಗೆಯೇ, ಆಕ್ಸಲ್ ಒಂದು ಕಡೆಗೆ ತಿರುಗುತ್ತಿದ್ದರೆ ಅದನ್ನು ಹಿಡಿದಿರುವ ಬಟ್ಟಲು ಕಾಣದಷ್ಟು ನಿಧಾನವಾಗಿ ಇನ್ನೊಂದು ಕಡೆಗೆ ಜರುಗಲು ಹವಣಿಸುತ್ತದೆ. ಬಲಗಡೆ ಮಾಮೂಲು ಥ್ರೆಡ್ಡಿದ್ದರೆ ತುಳಿದಂತೆಲ್ಲ ಅದು ಬಿಚ್ಚಿಕೊಂಡೀತು. ಇಟಲಿಯವರು ಎರಡು ಕಡೆಗೂ ಮಾಮೂಲು ಥ್ರೆಡ್ಡನ್ನೇ ಇಟ್ಟುಕೊಂಡರು. ಅವರ ಬಲಗಡೆಯ ಬಟ್ಟಲು ಸಡಿಲವಾಗುವ ದೂರು ಹಳೆಯದು.

ನನ್ನದು ಇಂಗ್ಲಿಷ್ ಥ್ರೆಡ್ಡು: 1.37 ಅಂಗುಲದ ವ್ಯಾಸ, ಅಂಗುಲಕ್ಕೆ 24 ಸುತ್ತು. ಇದನ್ನು ಬಿ.ಎಸ್.ಎ. ಎಂದೂ ಕರೆಯುತ್ತಾರೆ. ನಮ್ಮ ಊರುಗಳಲ್ಲಿ ಸೈಕಲ್ಲಿನ ಮೇಲೆ ಓದಿ ಬೆಳೆದ ಆ ಮೂರಕ್ಷರಗಳ ಮೂಲ, ಬಂದೂಕು ಮಾಡಲೆಂದು 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಕಂಪನಿ. ಆ ಕಂಪನಿ ತನ್ನ ಸೈಕಲ್ ವ್ಯಾಪಾರವನ್ನು 1957ರಲ್ಲೇ ಮಾರಿಬಿಟ್ಟಿತು. ಅದರ ಹೆಸರಿನ ಥ್ರೆಡ್ಡು ಮಾತ್ರ ಇಂದಿಗೂ ಚಾಲ್ತಿಯಲ್ಲಿದೆ, ಆದ್ದರಿಂದಲೇ ಬಿ.ಬಿ. ಸಿಗದೆಂಬ ಮಾತು ಸುಳ್ಳಾಯಿತು. ಕೊಳವೆಯ ಅಗಲ 68 ಮಿಲಿಮೀಟರೋ 73ಓ ಎಂಬುದನ್ನು ಅಳೆದರೆ ಸಾಕು, ನನ್ನದು 68.

ನಾನು ಎಡವಿದ್ದು ಆಕ್ಸಲಿನ ಉದ್ದದಲ್ಲಿ. ಎಲ್ಲೆಡೆ ಸಿಗುವ ಅಳತೆಯೆಂದು 113 ಮಿಲಿಮೀಟರಿನದನ್ನು ತರಿಸಿ ಕೂರಿಸಿದೆ. ಒಳಗಿನ ಚಿಕ್ಕ ಚೈನ್ ವೀಲ್ ಚೌಕಟ್ಟಿಗೇ ತಾಗಿತು. ತುಕ್ಕು ಹಿಡಿದ ಹಳೆಯದನ್ನು ಆಗ ಅಳೆದು ನೋಡಿದರೆ 122.5. ಒಂಬತ್ತೂವರೆ ಮಿಲಿಮೀಟರ್ ಕಡಿಮೆಯೆಂದರೆ ಒಂದೊಂದು ಬದಿಗೆ ಸುಮಾರು ಐದು; ಚೈನ್ ವೀಲ್ ಅಷ್ಟು ಒಳಸರಿದಿತ್ತು. ಆಕ್ಸಲ್ ಅತಿ ಉದ್ದವಾದರೂ ತೊಂದರೆಯೇ: ಚೈನು ಓರೆಯಾಗಿ ಓಡಿ ಬೇಗ ಸವೆಯುತ್ತದೆ. ಆಕ್ಸಲಿನ ಚೌಕಾಕಾರದ ತುದಿಯಲ್ಲಿಯೂ ಜಪಾನೀ ಅಳತೆ, ಐ.ಎಸ್.ಒ. ಅಳತೆ ಎಂದು ಎರಡುಂಟು. ನೋಟಕ್ಕೆ ಎರಡೂ ಒಂದೇ. ಆದರೆ ಒಂದರ ಕ್ರ್ಯಾಂಕನ್ನು ಇನ್ನೊಂದಕ್ಕೆ ತೊಡಿಸಿದರೆ ಅದು ನಾಲ್ಕೈದು ಮಿಲಿಮೀಟರ್ ಆಚೀಚೆ ನಿಲ್ಲುತ್ತದೆ. ನನ್ನದು ಜಪಾನೀ.

ಈಗ ದೊರೆಯುವುದು ಬಹುಮಟ್ಟಿಗೆ ಮುಚ್ಚಿದ ಕಾರ್ಟ್ರಿಜ್. ಅದನ್ನು ಬಿಚ್ಚಿ ಗ್ರೀಸು ತುಂಬುವ ಹಾಗಿಲ್ಲ. ಸವೆದರೆ ಇಡಿಯಾಗಿ ಬದಲಾಯಿಸಬೇಕು. ನನ್ನಂಥ ಹಳಬನಿಗೆ ಇದು ಅಷ್ಟು ರುಚಿಸದಿದ್ದರೂ, ಮಳೆಗಾಲದ ನೀರನ್ನು ಅದು ತಡೆಯುವ ಬಗೆ ಮೆಚ್ಚತಕ್ಕದ್ದೇ. ಎರಡನೆಯ ಸಲ 122.5ರದನ್ನು ತರಿಸಿ, ಥ್ರೆಡ್ಡಿಗೆ ಗ್ರೀಸು ಸವರಿ, ಮೊದಲ ಕೆಲವು ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿದೆ. ಸ್ಪ್ಯಾನರಿನ ಬಲದಿಂದ ಆರಂಭಿಸಿದರೆ ಥ್ರೆಡ್ಡು ಓರೆಯಾಗಿ ಸಿಕ್ಕಿ ಚೌಕಟ್ಟೇ ಕೆಟ್ಟೀತೆಂಬ ಭಯ. ಅಂಥ ಚೌಕಟ್ಟು ನಮಗೆ ಇನ್ನೊಂದು ಇರಲಿಲ್ಲವಲ್ಲ.

ಮರುದಿನ ಬೆಳಗ್ಗೆ ಹುಡುಗಿ ಚಾಮುಂಡಿ ಬೆಟ್ಟದ ಬುಡದವರೆಗೆ ಹೋಗಿಬಂದಳು. ಸೀಟು ತನಗೆ ಎತ್ತರವಾಯಿತೆಂದಳು, ಬಿ.ಬಿ.ಯ ವಿಷಯ ಎತ್ತಲೇ ಇಲ್ಲ.