ಎಳವೆಯ ನೆರೆಹೊರೆ

ಬಾಡಿಗೆಯ ಮನೆಯನ್ನರಸಿ ಹೊರಟ ಗೃಹಸ್ಥನು ಗಾಳಿ ಬೆಳಕುಗಳನ್ನು ನೋಡುತ್ತಾನೆ, ನೀರಿನ ಅನುಕೂಲವನ್ನು ವಿಚಾರಿಸುತ್ತಾನೆ, ಬಾಡಿಗೆಯಲ್ಲಿ ಚೌಕಾಶಿ ಮಾಡುತ್ತಾನೆ. ಆ ಬೀದಿಯಲ್ಲಿ ತನ್ನ ಮಕ್ಕಳು ಯಾರೊಡನೆ ಆಡಿ ಬೆಳೆಯುವರೆಂದು ಮಾತ್ರ ಕೇಳುವುದಿಲ್ಲ. (ಗೃಹಿಣಿಯರು ಕೇಳುತ್ತಾರೆಂಬುದನ್ನು ನಾವು ಬಲ್ಲೆವು, ಆದರೆ ಅವರ ಮಾತಿಗೆ ಕಿವಿಗೊಡುವುದು ಮುಂಗಡ ಕೊಟ್ಟಾದ ಮೇಲೆ!)

ಈ ಪ್ರಶ್ನೆಯ ಬೆಲೆ ಎಷ್ಟೆಂಬುದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯಿಂದ ತಿಳಿದುಬಂದಿದೆ. 1994ರಿಂದ 1998ರ ವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಕಡುಬಡವರ ಕೇರಿಗಳಿಂದ ಸುಮಾರು 4,600 ಕುಟುಂಬಗಳನ್ನು ಅದಕ್ಕೆ ಸೇರಿಸಿಕೊಂಡರು. ಚೀಟಿಯೆತ್ತಿ, ಕೆಲವರಿಗೆ ಬಡತನ ಕಡಿಮೆಯಿರುವ ಕಡೆಯಲ್ಲಿಯೇ ಮನೆ ಹಿಡಿಯಬೇಕೆಂಬ ಷರತ್ತಿನ ಮೇಲೆ ಬಾಡಿಗೆಯ ಸಹಾಯವನ್ನು ಕೊಟ್ಟರು, ಕೆಲವರಿಗೆ ಆ ಷರತ್ತಿಲ್ಲದೆ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಹೊರಟುಹೋದವರು ಮೊದಲೇ ಚುರುಕಿನವರೆಂಬ ಆಕ್ಷೇಪಣೆಗೆ ಆಸ್ಪದವಿರಬಾರದೆಂದು ಚೀಟಿಯ ಈ ಏರ್ಪಾಟು.

ಹಿರಿಯರ ಸಂಪಾದನೆ ಇದರಿಂದ ಹೆಚ್ಚಲಿಲ್ಲ. ಆದರೆ ವರ್ಷಗಳು ಕಳೆದ ಮೇಲೆ ನೋಡಲಾಗಿ, ಅವರ ಮನಸ್ಸಿಗೆ ನೆಮ್ಮದಿಯುಂಟಾಗಿತ್ತು. ತಾಯಂದಿರಲ್ಲಿ ಅತಿಯಾದ ಬೊಜ್ಜೂ ಮಧುಮೇಹವೂ ಕಡಿಮೆಯಾಗಿದ್ದುವು. ನಿಜವಾದ ಫಲ ಕಂಡದ್ದು ಮಕ್ಕಳಲ್ಲಿ. ರಾಜ್ ಚೆಟ್ಟಿ ಮೊದಲಾದ ಮೂವರು ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹದಿಮೂರು ತುಂಬುವ ಮೊದಲೇ ಒಳ್ಳೆಯ ಕೇರಿಗೆ ಹೋದವರ ವರಮಾನವು ಇಪ್ಪತ್ತೈದರ ಪ್ರಾಯದ ವೇಳೆಗೆ ನೂರಕ್ಕೆ 31ರಷ್ಟು ಹೆಚ್ಚಾಗಿತ್ತು. ಕಾಲೇಜು ಕಂಡವರೂ ಹೆಚ್ಚು. ಹದಿಮೂರು ದಾಟಿ ಹೋದವರಿಗೆ ಲಾಭವಿಲ್ಲ, ಕೊಂಚ ನಷ್ಟವೇ ಉಂಟು. ನಾಟಿಗೆ ವಯಸ್ಸು ಮೀರಿದ ಪೈರಿನ ಪಾಡನ್ನು ನಮ್ಮ ರೈತರು ಬಲ್ಲರು. ಕೂಡಿ ಬೆಳೆದ ಗೆಳೆಯರನ್ನು ಬಿಟ್ಟುಬರುವುದು ಆ ವಯಸ್ಸಿಗೆ ಸಣ್ಣ ವಿಷಯವಲ್ಲ.

ಕೇರಿಯಲ್ಲಿರುವ ಶಕ್ತಿಯಾದರೂ ಯಾವುದು? 2022ರಲ್ಲಿ ಚೆಟ್ಟಿಯವರೂ ಅವರ ಸಂಗಡಿಗರೂ ಫೇಸ್‌ಬುಕ್ಕಿನ 7 ಕೋಟಿಗೆ ಮೇಲ್ಪಟ್ಟ ಜನರ ಸ್ನೇಹಗಳನ್ನು ಲೆಕ್ಕಹಾಕಿದರು. ಬಡವರಿಗೂ ಉಳ್ಳವರಿಗೂ ಸ್ನೇಹ ಹೆಚ್ಚಾಗಿರುವ ಸ್ಥಳಗಳಲ್ಲಿ ಬೆಳೆದ ಬಡಮಕ್ಕಳು ಮುಂದೆ ಹೆಚ್ಚಾಗಿ ಮೇಲಕ್ಕೆ ಬಂದಿದ್ದರು. ಇನ್ನೊಂದು ಮಾತೂ ಹೊರಬಿತ್ತು: ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಸ್ನೇಹವಾಗುವುದಿಲ್ಲ, ಸಮೀಪದಲ್ಲಿದ್ದೂ ಬೆರೆಯದವರು ಬಹಳ.

ಇದನ್ನು ಓದುವಾಗ ನಮ್ಮ ಮೈಸೂರು ಬೆಂಗಳೂರುಗಳ ಹಳೆಯ ವಠಾರಗಳು ನೆನಪಾಗುತ್ತವೆ. ಜಾತಿಯನ್ನು ಕೇಳಿ ಮನೆ ಕೊಡುತ್ತಿದ್ದವರು ಅಲ್ಲಿಯೂ ಇದ್ದರು, ನಿಜ. ಆದರೂ ಗುಮಾಸ್ತೆಯ ಮಗನೂ ಅಡಿಗೆಯವನ ಮಗನೂ ಒಂದೇ ಅಂಗಳದಲ್ಲಿ ಬುಗುರಿಯಾಡುವುದಕ್ಕೆ ಅಡ್ಡಿಯಿರಲಿಲ್ಲ. ಈಗಿನ ಬಡಾವಣೆಗಳಲ್ಲಿ ಕೆಲಸದಾಕೆಯ ಮಗು ಗೇಟಿನ ಬಳಿ ತಾಯಿಗಾಗಿ ಕಾಯುತ್ತಿರುತ್ತದೆ. ಮನೆಯ ಮಗು ಒಳಗೆ ಒಂಟಿಯಾಗಿ ಚೆಂಡಾಡುತ್ತಿರುತ್ತದೆ. ಅದನ್ನು ಒಳಕ್ಕೆ ಕರೆಯಲು ಯಾವ ಸರ್ಕಾರದ ಚೀಟಿಯೂ ಬೇಕಾಗಿಲ್ಲ.