ಹತ್ತಿರದ ಹಾದಿ ಕಡ್ಡಾಯವಾಗಬೇಕೆ?

ಊರು ಬಿಟ್ಟು ಚೆನ್ನೈಗೆ ಬಂದು ನೆಲೆಸಿದ ನಮ್ಮವರಿಗೆ ಎರಡೆರಡು ವಿಳಾಸಗಳಿರುವುದು ಹೊಸ ಸಂಗತಿಯಲ್ಲ. ಒಂದು ಊರಿನ ಮನೆಯದು, ಇನ್ನೊಂದು ಇಲ್ಲಿಯ ಬಾಡಿಗೆಮನೆಯದು. ಊರಿನ ವಿಳಾಸಕ್ಕೆ ಬಂದ ಕಾಗದವನ್ನು ಮನೆಯವರು ಹೊಸ ವಿಳಾಸ ಬರೆದು ಮರಳಿ ಅಂಚೆಗೆ ಹಾಕುತ್ತಾರೆ. ಆದರೆ ಮೈಲಾಪುರದ ಸ್ನೇಹಿತರು ತ್ಯಾಗರಾಯನಗರದಲ್ಲಿರುವ ನಮಗೆ ಬರೆದ ಕಾಗದವೂ ಉಡುಪಿಗೆ ಹೋಗಿ ಬರುವುದಾದರೆ ಯಾರಿಗೆ ತಾನೆ ನಗು ಬಾರದು?

ಸಂಚಾರದಲ್ಲಿರುವ ಯಂತ್ರಗಳಿಗೆಂದು 2004ರಲ್ಲಿ ಪ್ರಕಟವಾದ ‘ಮೊಬೈಲ್ ಐಪಿವಿ6’ ಎಂಬ ಅಂತರಜಾಲ ನಿಯಮಾವಳಿಯಲ್ಲಿಯೂ ಇದೇ ಏರ್ಪಾಡು ಇದೆ. ಫೋನಿಗೆ ಒಂದು ಸ್ಥಿರ ವಿಳಾಸ. ಹೋದಲ್ಲಿ ಒಂದು ತಾತ್ಕಾಲಿಕ ವಿಳಾಸ. ಸ್ಥಿರ ವಿಳಾಸಕ್ಕೆ ಬಂದುದನ್ನು ‘ಹೋಮ್ ಏಜೆಂಟ್’ ಎಂಬ ಯಂತ್ರವು ಮುಂದಕ್ಕೆ ರವಾನಿಸುತ್ತದೆ. ಹಾಗಲ್ಲದೆ, ಫೋನು ತನ್ನ ಹೊಸ ವಿಳಾಸವನ್ನು ಎದುರು ಪಕ್ಷಕ್ಕೇ ತಿಳಿಸಿ ನೇರವಾಗಿ ವ್ಯವಹರಿಸುವುದಕ್ಕೆ ‘ರೂಟ್ ಆಪ್ಟಿಮೈಸೇಶನ್’ ಎಂದು ಹೆಸರು. ಇದನ್ನು ಸರ್ವರಿಗೂ ಕಡ್ಡಾಯಗೊಳಿಸಬೇಕೆ ಎಂಬುದು ಇಲ್ಲಿಯ ಪ್ರಶ್ನೆ.

ಕಡ್ಡಾಯದ ಪರವಾದ ವಾದ ಹಗುರವಾದುದಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. 2002ರಲ್ಲಿ ಆರಂಭವಾದ ಚೆನ್ನೈ–ಸಿಂಗಪುರ ಸಮುದ್ರ ತಂತಿಯ ಉದ್ದ ಸುಮಾರು 3,200 ಕಿಲೋಮೀಟರು. ಸಿಂಗಪುರದಲ್ಲಿರುವ ಇಬ್ಬರ ಮಾತು ಚೆನ್ನೈಗೆ ಬಂದು ಹಿಂದಿರುಗುವುದಾದರೆ 32 ಮಿಲಿಸೆಕೆಂಡು ವ್ಯರ್ಥ. ಅಲ್ಲದೆ, ನಡುವಣ ಏಜೆಂಟ್ ಕೆಟ್ಟು ನಿಂತರೆ ಮಾತೂ ನಿಂತಿತು. ಆದರೆ ಚೆನ್ನೈಯಿಂದ ಮಂಗಳೂರಿಗೆ, ಸುಮಾರು 900 ಕಿಲೋಮೀಟರು, ಹೋಗಿಬರಲು ಬೇಕಾದುದು 9 ಮಿಲಿಸೆಕೆಂಡು ಮಾತ್ರ. ಸಂಭಾಷಣೆಯಲ್ಲಿ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಾಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ. ಆದುದರಿಂದ ಸುತ್ತುದಾರಿಯ ನಷ್ಟ ಎಲ್ಲೆಡೆಯೂ ಒಂದೇ ತೂಕದ್ದಲ್ಲ.

ಹತ್ತಿರದ ಹಾದಿಯ ಅಪಾಯವನ್ನು ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿಯೇ ಅರಿತೆವು. 2006ರ ಸುಮಾರಿಗೆ ನಮ್ಮಲ್ಲಿದ್ದ ಅಡುಗೆಭಟ್ಟರೊಬ್ಬರು ಕಾಯಿಲೆ ಬಿದ್ದು ಊರಿಗೆ ತೆರಳಿದರು. ಬಾಕಿ ಸಂಬಳವನ್ನು ಹೊಸ ವಿಳಾಸಕ್ಕೆ ಮನಿಯಾರ್ಡರ್ ಮಾಡಬೇಕೆಂದು ಅವರ ಹೆಸರಿನಲ್ಲಿ ಒಂದು ಕಾರ್ಡು ಬಂದಿತು. ನಾವು ವಿಚಾರಿಸದೆ ಕಳುಹಿಸಿದೆವು. ಎರಡು ತಿಂಗಳ ಬಳಿಕ ಭಟ್ಟರೇ ಬಂದು ನಿಂತಾಗ ತಿಳಿಯಿತು, ಕಾರ್ಡು ಬರೆದವರು ಬೇರೆ ಯಾರೋ! ಹಣವನ್ನು ಮತ್ತೊಮ್ಮೆ ಕೊಟ್ಟೆವು. ಔಷಧಕ್ಕೆ ಕಾಸಿಲ್ಲದೆ ಅವರು ಕಳೆದ ದಿನಗಳನ್ನು ಮಾತ್ರ ಹಿಂದಕ್ಕೆ ಕೊಡಲಾಗಲಿಲ್ಲ. ಹಳೆಯ ವಿಳಾಸಕ್ಕೆ ಒಂದು ಸಾಲು ಬರೆದು ಕೇಳಿದ್ದರೆ ಸಾಕಾಗಿತ್ತು.

ನಿಯಮಾವಳಿಯನ್ನು ರಚಿಸಿದವರು ಇಂತಹ ಕಪಟವನ್ನು ಊಹಿಸಿದ್ದರು. ವಿಳಾಸ ಬದಲಾಯಿತೆಂಬ ಸುದ್ದಿ ಬಂದೊಡನೆ ನಂಬದೆ, ಎದುರು ಯಂತ್ರವು ಹಳೆಯ ವಿಳಾಸಕ್ಕೊಂದು, ಹೊಸದಕ್ಕೊಂದು ಗುರುತನ್ನು ಕಳುಹಿಸುತ್ತದೆ. ಎರಡೂ ಕೈಸೇರಿದವನಷ್ಟೇ ಬದಲಾವಣೆಯನ್ನು ದಾಖಲಿಸಬಲ್ಲನು. ಆ ದಾಖಲೆಯೂ ಹೆಚ್ಚೆಂದರೆ 420 ಸೆಕೆಂಡು, ಎಂದರೆ 7 ನಿಮಿಷ, ಊರ್ಜಿತ. ಅನಂತರ ಮತ್ತೆ ಪರೀಕ್ಷೆ. ಕ್ಷಣಕಾಲದ ವ್ಯವಹಾರಕ್ಕೆ ಇಷ್ಟು ಓಡಾಟ ಲಾಭಕರವಲ್ಲ. ಮೇಲಾಗಿ, ನೇರ ಹಾದಿ ಹಿಡಿದವನು ತಾನು ಯಾವ ಜಾಲದಲ್ಲಿರುವೆನೆಂಬುದನ್ನು ಎದುರಿನವನಿಗೆ ತೋರಿಸಿಕೊಡುತ್ತಾನೆ. ಎಲ್ಲರಿಗೂ ತನ್ನ ಇರುವನ್ನು ತಿಳಿಸಲು ಯಾರು ಒಪ್ಪುವರು?

ಅಂತರಜಾಲದ ತಜ್ಞರ ಮಂಡಲಿಯು ಈ ಹೊಣೆಯನ್ನು 2006ರಲ್ಲಿ ‘ಇರುವುದು ಒಳಿತು’ ಎಂಬ ದರ್ಜೆಯಲ್ಲಿಟ್ಟಿತು. 2011ರ ಹೊತ್ತಿಗೆ ಈ ಏರ್ಪಾಡು ಹೆಚ್ಚು ಬಳಕೆಗೆ ಬಾರದುದರಿಂದ ‘ಇರಬಹುದು’ ಎಂದು ಸಡಿಲಿಸಿತು. ಇದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಹಾದಿಯ ಆಯ್ಕೆ ಪ್ರಯಾಣಿಕನದಾಗಿರಲಿ. ಆದರೆ ಹತ್ತಿರದ ಹಾದಿ ಹಿಡಿದಲ್ಲಿ ಪರಿಶೀಲನೆಗೆ ಮಾತ್ರ ವಿನಾಯಿತಿ ಇರಕೂಡದು. ಕಡ್ಡಾಯವಾಗತಕ್ಕದ್ದು ಅದೇ. ನಮ್ಮ ಅಡುಗೆಭಟ್ಟರನ್ನು ಕೇಳಿದರೂ ಇದನ್ನೇ ಹೇಳಿಯಾರು.