ಬಣವೆ ನೋಡಿ ಹಸು ಕಟ್ಟಿ

ಡೈರಿ ಬಟವಾಡೆ ಚೆನ್ನಾಗಿ ಕೈಸೇರಿದ ವಾರವೇ ಸಣ್ಣ ರೈತರ ಮನೆಗಳಲ್ಲಿ ಮೂರನೆಯ ಹಸುವಿನ ಮಾತು ಶುರುವಾಗುವುದು. ಎರಡಕ್ಕೇ ಇಷ್ಟು ಬಂದರೆ ಮೂರಕ್ಕೆ ಎಷ್ಟಾದೀತು ಎಂಬ ಲೆಕ್ಕ. ಈ ಮಾತು ಬರುವ ಕಾಲವೂ ಹೆಚ್ಚಾಗಿ ಕಾರ್ತಿಕವೇ. ಬದುವಿನಲ್ಲಿ ಮೊಣಕಾಲುದ್ದ ಹುಲ್ಲು, ಕೆರೆಯಲ್ಲಿ ನೀರು, ಹೊಲದಲ್ಲಿ ತೆನೆ ಬಲಿತ ರಾಗಿ. ಆ ತಿಂಗಳಲ್ಲಿ ಯಾವ ಹೊಲವೂ ಬಡವಾಗಿ ಕಾಣುವುದಿಲ್ಲ. ಆದರೆ ಕಾರ್ತಿಕದಲ್ಲಿ ತಂದ ಹಸುವಿಗೆ ವೈಶಾಖದಲ್ಲೂ ಅದೇ ಹೊಟ್ಟೆ ಇರುತ್ತದೆ.

ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆ ಎಷ್ಟು ದನ ಸಾಕಬೇಕೆಂಬುದನ್ನು ಈಗ ಜಮೀನಿಗಿಂತ ಕಾಗದವೇ ಹೆಚ್ಚು ನಿರ್ಧರಿಸುತ್ತಿದೆ. ಸಾಲದ ಅರ್ಜಿಯಲ್ಲಿ ಎರಡು ಹಸುವಿನ ಘಟಕ, ಐದು ಹಸುವಿನ ಘಟಕ, ಇಪ್ಪತ್ತು ಕುರಿಗೆ ಒಂದು ಟಗರಿನ ಘಟಕ ಎಂದಿರುತ್ತದೆ. ಆಫೀಸಿಗೆ ಇದು ಅನುಕೂಲ. ಆದರೆ ಆ ಕಾಗದದಲ್ಲಿ ಏಪ್ರಿಲ್ ತಿಂಗಳಿಗೆ ಕಾಲಂ ಇಲ್ಲ. ಸಣ್ಣ ಹಿಡುವಳಿಯವರು ದನದ ಸಂಖ್ಯೆಯನ್ನು ವರ್ಷದ ಕೆಟ್ಟ ತಿಂಗಳಲ್ಲಿ ನಿಂತು ಎಣಿಸಬೇಕು ಎಂಬುದೇ ನನ್ನ ವಾದ.

ಒಂದು ಹಿಡುವಳಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎರಡು ಎಕರೆ ಖುಷ್ಕಿ, ಅದರಲ್ಲಿ ರಾಗಿ, ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಬೋರ್‌ವೆಲ್ ಪಕ್ಕ ಹತ್ತು ಗುಂಟೆ ತರಿ, ಅಲ್ಲಿ ನೇಪಿಯರ್ ಹುಲ್ಲು. ಬಯಲುಸೀಮೆಯಲ್ಲಿ ಇಂಥ ಮನೆಗಳು ಊರಿಗೆ ಹತ್ತಾರು ಸಿಗುತ್ತವೆ.

ನಾನೂರು ಕೆಜಿ ತೂಗುವ ಸೀಮೆಹಸು ದಿನಕ್ಕೆ ತನ್ನ ತೂಕದ ಶೇ 2.5ರಿಂದ 3ರಷ್ಟು ಒಣ ಅಂಶ ತಿನ್ನಬೇಕು. ಅಂದರೆ ನೀರಿನಂಶ ಕಳೆದು ಹತ್ತರಿಂದ ಹನ್ನೆರಡು ಕೆಜಿ. ಹಾಲು ಜಾಸ್ತಿಯಿದ್ದರೆ ಇನ್ನೂ ಸ್ವಲ್ಪ. ಮನೆಯ ಭಾಷೆಯಲ್ಲಿ ಹೇಳಿದರೆ ಇಪ್ಪತ್ತೈದು ಕೆಜಿ ಹಸಿಮೇವು, ಐದು ಕೆಜಿ ರಾಗಿ ಹುಲ್ಲು, ಮೇಲೆ ಹಿಂಡಿ, ಬೂಸಾ ಅಥವಾ ಫೀಡ್. ಸಂಕ್ರಾಂತಿಯಿಂದ ಮಳೆ ಹಿಡಿದು ಬದುವಿನಲ್ಲಿ ಹೊಸ ಹುಲ್ಲು ಕೈಗೆ ಸಿಗುವ ತನಕ ಹೆಚ್ಚೂಕಡಿಮೆ ಇನ್ನೂರು ದಿನ. ಅಷ್ಟೂ ದಿನ ಬಣವೆಯೇ ಗತಿ. ಒಂದು ಹಸುವಿಗೆ ಆ ಅವಧಿಗೇ ಒಂದು ಟನ್ ಹುಲ್ಲು ಬೇಕು. ಮಳೆಗಾಲದಲ್ಲಿ ದಿನಕ್ಕೆ ಮೂರು ಕೆಜಿ ಹಾಕಿದರೂ ಮತ್ತೆ ಅರ್ಧ ಟನ್. ಮಳೆ ಒಪ್ಪವಾಗಿ ಬಂದ ವರ್ಷ ಎಕರೆಗೆ ಒಂದೂವರೆ, ಎರಡು ಟನ್ ರಾಗಿ ಹುಲ್ಲು ಸಿಗುತ್ತದೆ. ಎರಡು ಎಕರೆಯ ಬಣವೆಗೆ ಎರಡು ಹಸು ಸರಿಹೋಯಿತು. ಕರುಗಳಿಗೂ ಒಂದಿಷ್ಟು ಉಳಿಯಿತು. ಮೂರನೆಯದಕ್ಕೆ ಹುಲ್ಲು ಕೊಳ್ಳಲೇಬೇಕು.

ಹಸಿಮೇವಿನದೂ ಇದೇ ಕಥೆ. ಹತ್ತು ಗುಂಟೆ ನೇಪಿಯರ್‌ಗೆ ನೀರು, ಗೊಬ್ಬರ ಬಿಡದೆ ಕೊಟ್ಟರೆ ವರ್ಷಕ್ಕೆ ಇಪ್ಪತ್ತು ಟನ್ ಕೊಯ್ಯಬಹುದು. ದಿನಕ್ಕೆ ಐವತ್ತೈದು ಕೆಜಿ ಬಿತ್ತು. ಎರಡು ಹಸುವಿನ ಹೊರೆ ಅಷ್ಟೇ. ಆದರೆ ಇದು ವರ್ಷದ ಸರಾಸರಿ. ಹಸು ಸರಾಸರಿ ತಿನ್ನುವುದಿಲ್ಲ. ಬೋರ್‌ವೆಲ್ ಕೈಕೊಡುವ ಏಪ್ರಿಲ್, ಮೇನಲ್ಲಿ ಕೊಯ್ದ ಹುಲ್ಲು ಮತ್ತೆ ಏಳಲು ನಲವತ್ತೈದು ದಿನದ ಬದಲು ಎರಡು ತಿಂಗಳು ಹಿಡಿಯುತ್ತದೆ, ಎದ್ದರೂ ಸಣಕಲು. ಸಪ್ಟೆಂಬರಿನಲ್ಲಿ ಹೆಚ್ಚಾದ ಮೇವನ್ನು ರಸಮೇವು ಮಾಡಿ ಚೀಲಕ್ಕೆ ತುಂಬಿಟ್ಟ ಮನೆಗೆ ಆಗ ಉಸಿರಾಡಲು ಜಾಗವಿರುತ್ತದೆ. ತುಂಬಿಡದ ಮನೆಯವರು ಫೀಡ್ ಮೂಟೆಯನ್ನೇ ಸುರಿಯುತ್ತಾರೆ. ಮೈಗೆಂದು ಎರಡು ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಎಂಬುದು ಫೀಡಿನ ಸಾಮಾನ್ಯ ಲೆಕ್ಕ. ಹತ್ತು ಲೀಟರ್ ಕೊಡುವ ಹಸುವಿಗೆ ಆರು ಕೆಜಿ ಆಯಿತು. ಹಸಿಮೇವು ಚೆನ್ನಾಗಿದ್ದರೆ ಇದನ್ನು ಇಳಿಸಬಹುದು. ಮೇವೂ ಇಲ್ಲ, ಹಸುವೂ ಮೂರು ಎಂದಾದರೆ ಬಟವಾಡೆಯ ದುಡ್ಡು ಡೈರಿಯಿಂದ ನೇರ ಫೀಡ್ ಅಂಗಡಿಗೆ ಹೋಗುತ್ತದೆ.

ನೀರನ್ನಂತೂ ಯಾರೂ ಎಣಿಸುವುದಿಲ್ಲ. ಕುಡಿಯಲು, ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು ಸೇರಿ ಕರೆಯುವ ಸೀಮೆಹಸುವೊಂದಕ್ಕೆ ಬೇಸಿಗೆಯಲ್ಲಿ ನೂರು ಲೀಟರ್ ಹತ್ತಿರ ಬೇಕು. ಜಲಜೀವನ್ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ನಾಲ್ವರ ಮನೆಗೆ 220. ಎರಡು ಹಸು ಕಟ್ಟಿದರೆ ಮನೆಯ ನೀರಿನ ಖರ್ಚು ಇಮ್ಮಡಿಯಾಗುತ್ತದೆ.

‘ಅಜ್ಜನ ಕಾಲದಲ್ಲಿ ಹಟ್ಟಿ ತುಂಬ ಇಪ್ಪತ್ತು ದನ ಇದ್ದವು, ಈಗ ಮೂರು ಸಾಕಲಾಗದೇ?’ ಎಂದು ಕೇಳುವವರಿದ್ದಾರೆ. ಆ ಇಪ್ಪತ್ತು ದನ ಅಜ್ಜನ ಎರಡು ಎಕರೆಯಲ್ಲಿ ಬದುಕಿರಲಿಲ್ಲ. ಊರ ಗೋಮಾಳ, ಕೆರೆ ಅಂಗಳ, ಪಕ್ಕದ ಕಾವಲು ಅವನ್ನು ಸಾಕಿದವು. ಪ್ರತಿ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು, 1966 ಹೇಳುತ್ತವೆ. ಮೂವತ್ತು ಎಕರೆ ಎಂದುಕೊಳ್ಳಿ. ಒಂದು ದನದ ಪಾಲಿಗೆ ಹನ್ನೆರಡು ಗುಂಟೆ. ಆ ಹನ್ನೆರಡು ಗುಂಟೆ ಇವತ್ತು ಎಷ್ಟು ಊರಲ್ಲಿ ಉಳಿದಿದೆ? ನಿವೇಶನ, ಕಟ್ಟಡ, ಮಂಜೂರಾತಿ, ಒತ್ತುವರಿ ಎಲ್ಲ ಸೇರಿ ಗೋಮಾಳ ಪಹಣಿಯ ಹೆಸರಾಗಿ ಉಳಿದ ಕಡೆಯೇ ಹೆಚ್ಚು. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಬ್ರಿಟಿಷರ ಕಾಲದಲ್ಲೇ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಅಲ್ಲಿನ ಕೊಟ್ಟಿಗೆಯ ಸೊಪ್ಪಿನ ಗೊಬ್ಬರದ ಬೆನ್ನಿಗೆ ಅಷ್ಟು ಕಾಡಿತ್ತು. ಪಟ್ಟಾ ಜಮೀನಿನ ಹೊರಗೆ ಏನೂ ಇಲ್ಲದವರು ಆ ಕಾಲದ ಸಂಖ್ಯೆಯನ್ನು ಅಳತೆಗೋಲಾಗಿ ಹಿಡಿಯಬಾರದು.

ಹಾಗಾದರೆ ದನವೇ ಬೇಡವೇ? ಬೇಕು. ಮೇವು ಮೇಲಿನ ಮಿತಿ ಹಾಕಿದರೆ ಗೊಬ್ಬರ ಕೆಳಗಿನ ಮಿತಿ ಹಾಕುತ್ತದೆ. ಮಳೆಯಾಶ್ರಯದ ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಒಂದು ಹಸು ದಿನಕ್ಕೆ ಹತ್ತರಿಂದ ಹದಿನೈದು ಕೆಜಿ ಸಗಣಿ ಹಾಕುತ್ತದೆ. ಗಂಜಲ ನೆನೆದ ಕಸಕಡ್ಡಿ, ತಿಂದು ಬಿಟ್ಟ ಹುಲ್ಲು ಸೇರಿ ತಿಪ್ಪೆಯಲ್ಲಿ ಕಳಿತು ಇಳಿದ ಮೇಲೆ ವರ್ಷಕ್ಕೆ ಎರಡೂವರೆ, ಮೂರು ಟನ್ ಗೊಬ್ಬರ. ಎರಡು ಎಕರೆಗೆ ಎರಡು ಹಸು! ಬಣವೆ ಹೇಳಿದ ಸಂಖ್ಯೆಯನ್ನೇ ತಿಪ್ಪೆಯೂ ಹೇಳಿತು. ರಾಗಿ, ಹುಲ್ಲು, ಸಗಣಿ, ಮತ್ತೆ ರಾಗಿ ಎಂಬ ಸುತ್ತು ಇಲ್ಲಿ ಪೂರ್ತಿಯಾಗುತ್ತದೆ, ಮತ್ತು ಇದೇ ನನಗೆ ಈ ಲೆಕ್ಕದಲ್ಲಿ ಬಹಳ ಇಷ್ಟವಾದ ಭಾಗ. ಒಂದು ನಾಟಿ ಹಸುವಿನಿಂದ ಮೂವತ್ತು ಎಕರೆ ಸಾಗುವಳಿ ಸಾಧ್ಯ ಎಂದು ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ್ದನ್ನು ನಮ್ಮ ಅನೇಕ ರೈತರು ನಂಬಿ ನಡೆದಿದ್ದಾರೆ. ಎಕರೆಗೆ ಹತ್ತು ಕೆಜಿ ಸಗಣಿಯ ಜೀವಾಮೃತಕ್ಕೆ ಒಂದು ಹಸು ಸಾಕು, ಸರಿ. ಆದರೆ ಆ ಪದ್ಧತಿಯಲ್ಲಿ ನೆಲಕ್ಕೆ ಹೊದಿಕೆಯೂ ಬೇಕು. ಅದಕ್ಕೆ ಬೇಕಾದ ಹುಲ್ಲುಕಡ್ಡಿ ಖುಷ್ಕಿ ಜಮೀನಿನಲ್ಲಿ ದನದ ಬಾಯಿಂದಲೇ ಉಳಿಸಬೇಕಾದದ್ದು.

ಒಂದೇ ಹಸುವಿಗಿಂತ ಎರಡು ವಾಸಿ ಎನ್ನಲು ಇನ್ನೊಂದು ಕಾರಣವಿದೆ. ಹಸುವಿನ ಗಬ್ಬ ಸುಮಾರು 280 ದಿನ, ಕರು ಹಾಕುವ ಮೊದಲಿನ ಎರಡು ತಿಂಗಳು ಹಾಲು ಬತ್ತಿಸಬೇಕು. ಒಂದೇ ಇದ್ದರೆ ಆ ಎರಡು ತಿಂಗಳು ಮನೆಗೆ ಪ್ಯಾಕೆಟ್ ಹಾಲು. ಎರಡಿದ್ದು, ಒಂದು ಯುಗಾದಿಗೂ ಇನ್ನೊಂದು ದಸರೆಗೂ ಕರು ಹಾಕುವಂತೆ ಇನ್ಸೆಮಿನೇಶನ್ ಮಾಡಿಸಿದರೆ ಡೈರಿ ಪುಸ್ತಕದಲ್ಲಿ ಯಾವ ವಾರವೂ ಖಾಲಿ ಬೀಳುವುದಿಲ್ಲ. ನಾನು ನೋಡಿದ ಮಟ್ಟಿಗೆ ಎರಡೂ ಒಟ್ಟಿಗೇ ಬತ್ತಿದ ಮನೆಗಳೇ ಮೂರನೆಯದನ್ನು ಸಾಲ ಮಾಡಿ ತರುತ್ತವೆ. ಮಾಡಬೇಕಾದ ಕೆಲಸ ಕ್ಯಾಲೆಂಡರಿನಲ್ಲಿತ್ತು.

ಇನ್ನು ಮೈಯ ಲೆಕ್ಕ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿ, ನೆಲ ತೊಳೆದು, ಕೆಚ್ಚಲು ಒರೆಸಿ, ಹಾಲು ಕರೆದು, ಕ್ಯಾನು ಹಿಡಿದು ಡೈರಿಯ ಸರದಿಯಲ್ಲಿ ನಿಂತು ಬರುವ ಹೊತ್ತಿಗೆ ಮಕ್ಕಳ ಸ್ಕೂಲಿನ ಹೊತ್ತಾಗಿರುತ್ತದೆ. ತಿಂಡಿಯ ಪಾತ್ರೆ ತೊಳೆದ ಮೇಲೆ ಕುಡುಗೋಲು ಹಿಡಿದು ಹುಲ್ಲಿಗೆ. ಮಧ್ಯಾಹ್ನ ಕಲಗಚ್ಚು, ಸಂಜೆ ಮತ್ತೆ ಅದೇ ಸುತ್ತು. ಇದನ್ನು ಮಾಡುವವರು ಬಹುಪಾಲು ಹೆಂಗಸರು. ಪಾಸ್‌ಬುಕ್ಕಿನಲ್ಲಿ ಹೆಸರು ಯಾರದೇ ಇರಲಿ, ಅಣ್ಣನ ಮನೆಯ ಮದುವೆಗೆ ಹೋದರೂ ರಾತ್ರಿ ಉಳಿಯಲಾಗದೆ ಕೊನೆಯ ಬಸ್ಸಿಗೆ ಓಡಿ ಬರುವವರು ಅವರೇ. ಹಸು ಹೆಚ್ಚಿಸುವ ಮಾತು ಜಗಲಿಯಲ್ಲಿ ಗಂಡಸರ ನಡುವೆ ತೀರ್ಮಾನವಾಗುವುದು ನನಗೆ ಅನ್ಯಾಯವೆನಿಸುತ್ತದೆ. ಸಗಣಿ ಬಾಚುವವರು ಬೇಡವೆಂದರೆ ಆ ಮಾತು ಅಲ್ಲಿಗೆ ಮುಗಿಯಬೇಕು.

ಮಲೆನಾಡಿನಲ್ಲಿ ಲೆಕ್ಕ ಬೇರೆ. ಮಲೆನಾಡು ಗಿಡ್ಡ ನೂರು ಕೆಜಿ ಆಸುಪಾಸಿನ ಹಸು. ದಿನಕ್ಕೆ ಮೂರು ಕೆಜಿ ಒಣ ಅಂಶ ಸಾಕು, ಮೇಯಲು ತಾನೇ ಹೋಗಿ ತಾನೇ ಬರುತ್ತದೆ. ಒಂದು ಸೀಮೆಹಸುವಿನ ಮೇವಿನಲ್ಲಿ ಮೂರು ನಾಲ್ಕು ಗಿಡ್ಡ ಬದುಕುತ್ತವೆ. ಹಾಲು ಒಂದೋ ಎರಡೋ ಲೀಟರ್. ತೋಟಕ್ಕೆ ಗೊಬ್ಬರ, ಮನೆಗೆ ಮಜ್ಜಿಗೆ ಸಾಕೆನ್ನುವವರಿಗೆ ಇದೇ ಸರಿಯಾದ ದನ. ಡೈರಿಗೆ ಹಾಕುವವರಿಗೆ ಆಗದು. ಎಷ್ಟು ಎಂದು ಕೇಳುವ ಮೊದಲು ಯಾತಕ್ಕೆ ಎಂದು ತೀರ್ಮಾನವಾಗಿರಬೇಕು.

ದೊಡ್ಡ ದನ ಕಷ್ಟವೆಂದು ಕುರಿ, ಮೇಕೆಗೆ ತಿರುಗಿದವರು ಬಹಳ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ರಾಜ್ಯದ ದನಗಳು ಸುಮಾರು 95 ಲಕ್ಷದಿಂದ 85 ಲಕ್ಷಕ್ಕೆ ಇಳಿದರೆ, ಕುರಿಗಳು 96 ಲಕ್ಷದಿಂದ 110 ಲಕ್ಷಕ್ಕೆ, ಮೇಕೆಗಳು 48 ಲಕ್ಷದಿಂದ 61 ಲಕ್ಷ ದಾಟಿ ಏರಿದವು. ಮೇಕೆಯ ವಿಷಯದಲ್ಲಿ ಎಚ್ಚರ ಬೇಕಾದದ್ದು ಅದರ ಸಂತಾನದ ವೇಗಕ್ಕೆ. ಗಬ್ಬ ಐದೇ ತಿಂಗಳು, ಅವಳಿ ಮರಿ ಸಾಮಾನ್ಯ. ಈ ಯುಗಾದಿಗೆ ಐದಿದ್ದದ್ದು ಮುಂದಿನ ಯುಗಾದಿಗೆ ಹನ್ನೆರಡಾದರೆ ಆಶ್ಚರ್ಯವಿಲ್ಲ. ಕಟ್ಟುವಾಗ ಐದರ ಲೆಕ್ಕ ಹಾಕಿದವರು ಮರಿ ಬೆಳೆದಾಗ ಮೇವಿಗೆ ಪರದಾಡುತ್ತಾರೆ. ಹೊಸತೊಡಕು, ಬಕ್ರೀದ್, ಊರ ಮಾರಿಹಬ್ಬ, ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಮಾರುವುದೆಂದು ಮೊದಲೇ ಗೊತ್ತಿರಬೇಕು. ಹೋತವನ್ನು ಎರಡು ವರ್ಷಕ್ಕೊಮ್ಮೆ ಬೇರೆ ಊರಿನವರ ಜೊತೆ ಬದಲಿಸದಿದ್ದರೆ ಮರಿಗಳು ಕುಗ್ಗುತ್ತವೆ. ಕುರಿಯದ್ದಾದರೆ ಇಪ್ಪತ್ತಕ್ಕೂ ನಲವತ್ತಕ್ಕೂ ಕಾಯಲು ಒಬ್ಬರು ಬೇಕೇ ಬೇಕು. ಮಕ್ಕಳು ಸ್ಕೂಲಿಗೆ, ದೊಡ್ಡವರು ಗಾರ್ಮೆಂಟ್ಸಿಗೆ ಹೋಗುವ ಮನೆಯಲ್ಲಿ ಆ ಒಬ್ಬರು ಯಾರು ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು.

ಕೋಳಿಗೆ ಇಷ್ಟು ಚರ್ಚೆ ಬೇಕಿಲ್ಲ. ಹಿತ್ತಲಿನಲ್ಲಿ ಕೆದಕಿ ತಿನ್ನುವ ಹತ್ತು ಹೇಟೆಗೆ ಒಂದು ಹುಂಜ ಸಾಕು. ಅದಕ್ಕಿಂತ ಹೆಚ್ಚಾದರೆ ಕಾಳು ಕೊಂಡು ಹಾಕಬೇಕು, ಪಕ್ಕದವರ ಸೊಪ್ಪಿನ ಮಡಿಗೆ ನುಗ್ಗಿದ ಜಗಳವೂ ಬರುತ್ತದೆ.

ಎಲ್ಲರೂ ಮಾತಾಡಲು ಹಿಂಜರಿಯುವ ಒಂದು ಸಂಗತಿ ಉಳಿಯಿತು. ಹುಟ್ಟಿದ ಕರುಗಳಲ್ಲಿ ಅರ್ಧ ಹೋರಿಗಳು. ಸೀಮೆತಳಿಯ ಹೋರಿಕರುವಿಗೆ ಟ್ರ್ಯಾಕ್ಟರ್ ಕಾಲದಲ್ಲಿ ಕೆಲಸವಿಲ್ಲ. ಐದಾರು ಕರು ಹಾಕಿ ಕರಾವು ನಿಂತ ಹಸು ಮತ್ತೆ ಹಲವು ವರ್ಷ ಬದುಕುತ್ತದೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಬಳಿಕ ಮುದಿ ಹಸುವನ್ನಾಗಲಿ ಹೋರಿಕರುವನ್ನಾಗಲಿ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದು ಸುಲಭವಿಲ್ಲ. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಕೊಟ್ಟಿಗೆಯ ಲೆಕ್ಕಕ್ಕೆ ಅದು ಬಂದೇ ಬರುತ್ತದೆ. ಎರಡು ಕರೆಯುವ ಹಸು ಎಂದರೆ ಒಂದು ಕಡಸು, ಒಂದು ಮುದಿ ಹಸುವಿನ ಮೇವೂ ಅದರ ಹಿಂದೆಯೇ ಇದೆ. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ನಿರ್ಧರಿತ ವೀರ್ಯ ಬಳಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣಾಗುತ್ತವೆ. ಆಗ ಹೋರಿಯ ಚಿಂತೆ ತಪ್ಪಿ ಕಡಸುಗಳ ಚಿಂತೆ ಶುರು. ಅದಕ್ಕೇ ಕೊಟ್ಟಿಗೆಯಲ್ಲಿ ನಾಲ್ಕು ಗೂಟವಿದ್ದರೆ ಕರೆಯುವ ಹಸು ಎರಡೇ ಇರಲಿ ಎನ್ನುತ್ತೇನೆ. ಉಳಿದ ಎರಡು ಗೂಟಕ್ಕೆ ಬಾಡಿಗೆದಾರರು ತಾವಾಗಿ ಬರುತ್ತಾರೆ. ಆ ಇಬ್ಬರ ಹುಲ್ಲಿಗಾಗಿಯೇ ಮಳೆ ಚೆನ್ನಾದ ವರ್ಷದ ಬಣವೆಯನ್ನು ಪೂರ್ತಿ ಬಿಚ್ಚದೆ ಹಳೆಹುಲ್ಲು ಉಳಿಸಿಕೊಳ್ಳುವುದು ಹಿರಿಯರ ರೂಢಿ.

ಚರ್ಮಗಂಟು ರೋಗ 2022ರಲ್ಲಿ ರಾಜ್ಯವಿಡೀ ಹಬ್ಬಿದಾಗ ಹೆಚ್ಚು ನೊಂದವರು ಸಾಲದ ಹಸು ಕಟ್ಟಿದವರು. ಸತ್ತ ಹಸುವಿನ ಕಂತು ಸಾಯುವುದಿಲ್ಲ. ವಿಮೆ ಮಾಡಿಸಲು, ಕಾಲುಬಾಯಿ ಜ್ವರದ ಲಸಿಕೆಗೆ ತಪ್ಪದೆ ಹಿಡಿದು ನಿಲ್ಲಿಸಲು ಪುರಸೊತ್ತು ಇರುವಷ್ಟೇ ದನ ಇರಲಿ.

ಎಣಿಸುವ ಕಾಲ ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ. ಕಣ ಮುಗಿದು ಬಣವೆ ಒಟ್ಟಿರುತ್ತದೆ, ಬೋರ್‌ವೆಲ್ಲಿನ ನೀರು ಎಷ್ಟು ಹೊತ್ತು ಬರುತ್ತಿದೆಯೆಂದು ತಿಳಿದಿರುತ್ತದೆ. ಬಣವೆಗೆ ಹಾಕಿದ ಹೊರೆಗಳನ್ನು ಎಣಿಸಿ, ಒಂದೆರಡು ಹೊರೆ ತೂಗಿ ನೋಡಿ, ದಿನಕ್ಕೆ ಐದು ಕೆಜಿಯಂತೆ ಇನ್ನೂರು ದಿನಕ್ಕೆ ಹಂಚಿ. ಒಂದು ದನದ ಪಾಲು ಕಡಿಮೆ ಬಿದ್ದರೆ ಗಬ್ಬದ ಹಸುವನ್ನೋ ಬೆಳೆದ ಕಡಸನ್ನೋ ಸಾಕುವವರಿಗೆ ಆಗಲೇ ಕೊಡಬೇಕು. ಸಿದ್ಧಗಂಗೆಯ ದನಗಳ ಜಾತ್ರೆ ಸೇರುವುದೂ ಶಿವರಾತ್ರಿಯ ಆಸುಪಾಸಿನಲ್ಲೇ. ಆಗ ಕೊಳ್ಳುವವರ ಮನೆಯಲ್ಲೂ ಹುಲ್ಲಿರುತ್ತದೆ, ಬೆಲೆ ಸಿಗುತ್ತದೆ. ಏಪ್ರಿಲ್ ಕೊನೆಗೆ ಎಲ್ಲರ ಬಣವೆಯೂ ಕರಗಿ ಹುಲ್ಲಿನ ದರ ಏರಿದಾಗ ಸಂತೆಯಲ್ಲಿ ಮಾರುವವರೇ ತುಂಬಿರುತ್ತಾರೆ.